ಇಬ್ಬರು ಕರಣಿಕರು ಮತ್ತು ತಾಳದ ಲೆಕ್ಕ

ಜತ್ತ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆನಿಂತ ಶರಣೆ ದಾನಮ್ಮನ ಕಾಲ 12ನೆಯ ಶತಮಾನ. ಅದೇ ಕಾಲದಲ್ಲಿ, ಈ ಸೀಮೆಗೆ ನೆರೆಯ ಮಂಗಳವೇಢೆಯಲ್ಲಿ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಲೆಕ್ಕವೇ ಕಸುಬಾಗಿದ್ದ ಅವರು ಒಂದು ವಚನದಲ್ಲಿ ತಾಳದ ಅಳತೆ, ವಾದ್ಯದ ಎಣಿಕೆ, ಛಂದಸ್ಸಿನ ಗಣ ಯಾವುದೂ ತಮಗೆ ತಿಳಿಯದೆನ್ನುತ್ತಾರೆ. ಭಕ್ತಿ ನಡೆಸಿದ ಹಾಗೆ ಹಾಡುತ್ತೇನೆಂಬುದು ಅವರ ನಿಲುವು. ಬೇಡವೆಂದು ಬದಿಗಿಡಬೇಕಾದರೂ ಅಂಥದೊಂದು ಲೆಕ್ಕ ಆಗ ಬಳಕೆಯಲ್ಲಿ ಇರಲೇಬೇಕಷ್ಟೆ. ಇತ್ತು ಕೂಡ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ಅವನ ಮಗ ಜಗದೇಕಮಲ್ಲನ ‘ಸಂಗೀತಚೂಡಾಮಣಿ’, ಸಂಗೀತವನ್ನೂ ವಿವರಿಸುವ ಈ ಎರಡು ಗ್ರಂಥಗಳು ಅದೇ ಶತಮಾನದವು.

ಆ ಲೆಕ್ಕವನ್ನು ಸಾಂಗವಾಗಿ ಬರೆದಿಟ್ಟವನು ಮುಂದಿನ ಶತಮಾನದ ಇನ್ನೊಬ್ಬ ಕರಣಿಕ. ಶಾರ್ಙ್ಗದೇವ ದೇವಗಿರಿಯ ಸೇವುಣ ಅರಸ ಸಿಂಘಣನ (1210–1247) ಶ್ರೀಕರಣಾಧಿಪತಿ. ಅವನ ಅಜ್ಜ ಕಾಶ್ಮೀರದಿಂದ ದೇವಗಿರಿಗೆ ಬಂದವನು. ಏಳು ಅಧ್ಯಾಯಗಳ ‘ಸಂಗೀತರತ್ನಾಕರ’ದಲ್ಲಿ ಐದನೆಯದು ತಾಳಾಧ್ಯಾಯ. ಹಳೆಯ ಐದು ಮಾರ್ಗತಾಳಗಳ ಜೊತೆಗೆ 120 ದೇಶೀತಾಳಗಳನ್ನು ಅದು ಪಟ್ಟಿ ಮಾಡುತ್ತದೆ. ಎರಡು ಶತಮಾನದ ಮೇಲೆ ವಿಜಯನಗರದ ಆಸ್ಥಾನದಲ್ಲಿ ಕಲ್ಲಿನಾಥ ಇದಕ್ಕೆ ಟೀಕೆ ಬರೆದ.

ಈ ತಾಳಗಳನ್ನು ಬರೆಯುವ ಗುರುತುಗಳು ಬಹಳ ಸರಳ. ದ್ರುತಕ್ಕೆ ಸೊನ್ನೆ, ಲಘುವಿಗೆ ನಿಂತ ಗೆರೆ, ಗುರುವಿಗೆ ಅವಗ್ರಹದಂಥ ಡೊಂಕು, ಪ್ಲುತಕ್ಕೆ ಅದೇ ಡೊಂಕಿನ ಮೇಲೊಂದು ಗೀಟು. ಲಘು ಒಂದಾದರೆ ದ್ರುತ ಅರ್ಧ, ಗುರು ಎರಡು, ಪ್ಲುತ ಮೂರು. ಲಘುವೆಂದರೆ ಎಷ್ಟು ಹೊತ್ತು? ಮಾರ್ಗತಾಳದಲ್ಲಿ ಐದು ಹ್ರಸ್ವಾಕ್ಷರ ನುಡಿಯುವಷ್ಟು. ‘ಕ ಚ ಟ ತ ಪ’ ಎನ್ನುವಷ್ಟು. ಗಡಿಯಾರವಿಲ್ಲದ ಕಾಲದಲ್ಲಿ ನಾಲಗೆಯೇ ಅಳತೆಗೋಲು.

ಚಚ್ಚತ್ಪುಟವೆಂಬ ತಾಳವನ್ನೇ ನೋಡಬಹುದು. ಅದರ ಲೆಕ್ಕ ಗುರು, ಗುರು, ಲಘು, ಪ್ಲುತ: ಎರಡು, ಎರಡು, ಒಂದು, ಮೂರು, ಒಟ್ಟು ಎಂಟು. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಹೆಸರಿಗೇ ಪ್ರಸ್ತಾರ ಹಾಕಿದರೆ ಸಾಕು: ಒತ್ತಕ್ಷರದ ಹಿಂದಿನ ‘ಚ’ ಗುರು, ಮುಂದಿನ ‘ಚ್ಚ’ವೂ ಗುರು, ‘ಪು’ ಲಘು, ಕೊನೆಯ ‘ಟ’ವನ್ನು ಪ್ಲುತವಾಗಿ ಎಳೆಯಬೇಕು. ಚಾಚಪುಟಃ ಎಂಬುದರಲ್ಲಿಯೂ ಹೀಗೆಯೇ ಗುರು, ಲಘು, ಲಘು, ಗುರು ಸೇರಿ ಆರು.

ಗುರುತುಗಳ ಜೊತೆಗೆ ಕೈಕೆಲಸದ ಮೊದಲಕ್ಷರಗಳೂ ಬರುತ್ತವೆ. ಚಚ್ಚತ್ಪುಟಕ್ಕೆ ‘ಸಂ, ಶ, ತಾ, ಶ’. ಸನ್ನಿಪಾತವೆಂದರೆ ಎರಡೂ ಕೈಯ ಪೆಟ್ಟು, ಶಮ್ಯಾ ಬಲಗೈಯದು, ತಾಲ ಎಡಗೈಯದು. ಸದ್ದಿಲ್ಲದ ಕ್ರಿಯೆಗಳು ಬೇರೆ: ಆವಾಪ, ನಿಷ್ಕ್ರಾಮ, ವಿಕ್ಷೇಪ, ಪ್ರವೇಶ. ಬೆರಳು ಮಡಿಸುವುದು, ಅಂಗೈ ತಿರುಗಿಸಿ ಬೆರಳು ಬಿಡಿಸುವುದು ಇತ್ಯಾದಿ. ಪೆಟ್ಟಿನಷ್ಟೇ ಮೌನವನ್ನೂ ಎಣಿಸಬೇಕೆಂಬ ಎಚ್ಚರ ಇಲ್ಲಿದೆ.

ಇದೇ 13ನೆಯ ಶತಮಾನದಲ್ಲಿ ಯುರೋಪಿನಲ್ಲಿ ಕಲೋನಿನ ಫ್ರಾಂಕೊ ಸ್ವರಚಿಹ್ನೆಯ ಆಕಾರದಲ್ಲೇ ಅದರ ಕಾಲಾವಧಿಯನ್ನು ಅಡಗಿಸಿದ. ಅವನ ಪೂರ್ಣ ‘ಲಾಂಗಾ’ ಮೂರು ‘ಬ್ರೆವಿಸ್’ಗೆ ಸಮ. ಹಲವು ಕಂಠಗಳು ಬೇರೆ ಬೇರೆ ಸಾಲು ಹಾಡಿ ಒಂದೆಡೆ ಕೂಡಬೇಕಾದ ಇಗರ್ಜಿಗೆ ಅದು ಅಗತ್ಯವಾಗಿತ್ತು. ದಖ್ಖನದ ಗಾಯಕನಿಗೆ ಬೇಕಾದದ್ದು ಆವರ್ತ, ಎಂದರೆ ಮರಳಿ ಮರಳಿ ಬರುವ ತಾಳದ ಸುತ್ತು. ಆದ್ದರಿಂದ ತಾಳವನ್ನು ಸ್ವರದಿಂದ ಬಿಡಿಸಿ ಬರೆದರು. ತಾಳದ ಬರಹ ಹಾಡಿನ ನಕಲಲ್ಲ, ಕೈಗೆ ಕೊಟ್ಟ ಸೂಚನೆ. ಅದನ್ನು ಕಣ್ಣಿನಿಂದಷ್ಟೇ ಓದಿದರೆ ಅರ್ಧ ಓದಿದಂತೆ.

ದೇಶೀತಾಳಗಳಲ್ಲಿ ಬಹಳಷ್ಟು ಕಾಲಕ್ರಮದಲ್ಲಿ ಮರೆಯಾದವು. ಹರಿದಾಸರ ಸುಳಾದಿಗಳಲ್ಲಿ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ನೆಲೆಯೂರಿದವು. ಇಂದಿನ ಕರ್ನಾಟಕ ಸಂಗೀತದ ಮಕ್ಕಳು ಆದಿತಾಳಕ್ಕೆ ಒಂದು ನಿಂತ ಗೆರೆ, ಎರಡು ಸೊನ್ನೆ ಬರೆಯುವಾಗ ಶಾರ್ಙ್ಗದೇವನ ಗುರುತುಗಳನ್ನೇ ಬರೆಯುತ್ತಾರೆ. ಸಾಂಗಲಿ ಜಿಲ್ಲೆಯ ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು ಬೇರೆ ದಾರಿ ಹಿಡಿದರು: ಸ್ವರದ ಕೆಳಗೇ ಮಾತ್ರೆಯ ಗುರುತು ಹಾಕಿದರು. ತರಗತಿ ತುಂಬ ಮಕ್ಕಳಿಗೆ ಒಟ್ಟಿಗೆ ಕಲಿಸಲು ಅದೇ ಅನುಕೂಲವಾಗಿತ್ತು.

ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಲಘು ಗುರು ಇಂದಿಗೂ ಪಾಠವೇ. ಆದರೆ ಅದು ಕರಿಹಲಗೆ ದಾಟಿ ಬರುವುದು ಕಡಿಮೆ. ಅಲ್ಲಿನ ಗುರುಗಳು ಪ್ರಸ್ತಾರ ಹಾಕಿಸುವಾಗ ಮಕ್ಕಳಿಂದ ಲಘುವಿಗೆ ಒಂದು ಎಣಿಕೆ, ಗುರುವಿಗೆ ಎರಡು ಎಣಿಕೆ ಹಿಡಿಸಿ ಚಪ್ಪಾಳೆ ತಟ್ಟಿಸಲಿ. ಹಳ್ಳಿಯ ಭಜನಾ ಮಂಡಳಿಗಳು ಪದಗಳ ವಹಿಯಲ್ಲಿ ಸಾಹಿತ್ಯದ ಮೇಲೊಂದು ಸಾಲು ಬಿಟ್ಟು, ತಾಳದ ಪೆಟ್ಟು ಎಲ್ಲಿ ಬೀಳುತ್ತದೆಂದು ಗೀಟು ಹಾಕಿಡಲಿ. ಹಾಡಿನ ಮಾತು ಉಳಿಸಿದವರು ಅದರ ನಡೆಯನ್ನೂ ಉಳಿಸಬೇಕು.