ಸಂಜೆಗೆ ಬಿಟ್ಟುಬರುವ ಮನೆ

ಬ್ಯಾಡಗಿಯ ಬೆಳಗಿಗೆ ಮೆಣಸಿನಕಾಯಿಯ ಘಾಟಿದೆ. ಅದರ ನಡುವೆಯೇ ಕಾಗಿನೆಲೆ, ಮೋಟೆಬೆನ್ನೂರು, ಕದರಮಂಡಲಗಿ ಕಡೆಯ ಹುಡುಗಿಯರು ಬಸ್ಸಿಳಿದು ಶಾಲೆಗೆ ನಡೆಯುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತ.

ಹೀಗೆ ಬಂದವರಿಗೆ ಶಾಲೆಯಲ್ಲೂ ಒಂದು ಮನೆ ಸಿಗಬಹುದು. ಅನೇಕ ಖಾಸಗಿ ಶಾಲೆಗಳಲ್ಲಿ ಮಕ್ಕಳನ್ನು ‘ಹೌಸ್’ ಎಂಬ ಗುಂಪುಗಳಾಗಿ ಹಂಚುತ್ತಾರೆ. ಐದನೆಯ ತರಗತಿಯ ಪುಟ್ಟಿ, ಹತ್ತನೆಯ ತರಗತಿಯ ಅಕ್ಕ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ರಾತ್ರಿ ಉಳಿಯುವ ಹಾಸ್ಟೆಲ್ ಅಲ್ಲ. ಆದರೂ ಬಿಚ್ಚಿದ ಜಡೆ ಹೆಣೆದುಕೊಡಲು ಅಲ್ಲೊಬ್ಬ ಅಕ್ಕ ಇರುತ್ತಾಳೆ. ಮುಟ್ಟಿನ ಹೊಟ್ಟೆನೋವು, ಮನೆಯಲ್ಲಿ ಹೇಳಲಾಗದ ಅಂಜಿಕೆ, ಎಲ್ಲ ಅವಳ ಮುಂದೆ ಹೇಳಬಹುದು. ಈ ಆಸರೆಯನ್ನು ಪಾಠಕ್ಕಿಂತ ಕಡಿಮೆ ಎಂದು ನಾನಂತೂ ಎನ್ನಲಾರೆ.

ಆದರೆ ಮೆಣಸಿನಕಾಯಿಯ ಸುಗ್ಗಿಯಲ್ಲಿ ಕಾಯಿ ಬಿಡಿಸಲು, ತೊಟ್ಟು ಮುರಿಯಲು ಕೈಗಳು ಸಾಲವು. ಆಗ ಶಾಲೆ ತಪ್ಪುವುದು ಹೆಚ್ಚಾಗಿ ಮಗಳಿಗೇ. ಅಪ್ಪ ಅಮ್ಮಂದಿರೇ, ದಯವಿಟ್ಟು ಅವಳನ್ನು ಅಂದೂ ಶಾಲೆಗೆ ಕಳಿಸಿ.