ಜ್ಞಾನದ ಭಾಂಡಾರವೂ ಸಂಘದ ಕಲಿಕೆಯೂ



ಜ್ಞಾನವನ್ನು ಕೂಡಿಟ್ಟು ಕಾಪಾಡುವುದು ಒಂದು ಕಾರ್ಯ. ಕೂಡಿಟ್ಟುದರಿಂದ ಒಂದು ಸಂಘವು ತಾನೇ ಕಲಿಯುವುದು ಮತ್ತೊಂದು ಕಾರ್ಯ. ಮೊದಲನೆಯದು ನಡೆದರೆ ಎರಡನೆಯದು ತಾನಾಗಿಯೇ ನಡೆಯುವುದೆಂದು ನಂಬಿರುವವರು ಬಹು ಮಂದಿ. ಹಾಗಲ್ಲವೆಂಬುದಕ್ಕೆ ವಚನವಾಙ್ಮಯದ ಚರಿತ್ರೆಯೇ ಸಾಕ್ಷಿ.

ಕಲ್ಯಾಣದ ವಿಪ್ಲವದ ತರುವಾಯ 12ನೆಯ ಶತಮಾನದ ಶರಣರ ನುಡಿಗಳು ಚೆದರಿದವು. ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ಎಂದರೆ 15ನೆಯ ಶತಮಾನದಲ್ಲಿ, ವಿರಕ್ತರು ಅವುಗಳನ್ನರಸಿ ಸಂಕಲಿಸಿದರು, ಟೀಕೆಗಳನ್ನು ರಚಿಸಿದರು. ಅವರು ಓಲೆಗಳನ್ನು ಒಟ್ಟಿ ಸುಮ್ಮನಾಗಲಿಲ್ಲವೆಂಬುದೇ ಮುಖ್ಯವಾದ ಮಾತು. ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವಿರಿಸಿ, ಸಂವಾದರೂಪವಾದ ಶೂನ್ಯಸಂಪಾದನೆಯನ್ನು ಹೆಣೆದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಒಬ್ಬರ ಬಳಿಕ ಒಬ್ಬರು ಅದನ್ನು ಪರಿಷ್ಕರಿಸಿದರು. ಮೊದಲನೆಯದರಲ್ಲಿಲ್ಲದ ಸಿದ್ಧರಾಮನ ದೀಕ್ಷಾಪ್ರಸಂಗವು ಕಡೆಯದರಲ್ಲಿ ವಿಸ್ತಾರವಾಗಿ ಬಂದಿರುವುದು. ಇದು ಸರಿಯೋ ತಪ್ಪೋ ಎಂದು ಪಂಡಿತರು ವಾದಿಸಲಿ. ಇಷ್ಟಲಿಂಗವಿಲ್ಲದವನು ಶರಣನಾದುದು ಹೇಗೆಂಬ ಪ್ರಶ್ನೆಯನ್ನು ಸಮಾಜವು ತನ್ನ ಗ್ರಂಥಕ್ಕೇ ಕೇಳಿತು, ಗ್ರಂಥವು ಬದಲಾಯಿತು. ಸಂಘವು ಕಲಿಯುವ ಬಗೆ ಇದೇ.

ಮುಂದೆ ಕಾಲವು ತಿರುಗಿತು. ಓಲೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಜಗಲಿಯನ್ನೇರಿದವು. ವಿಭೂತಿ, ಪತ್ರೆ, ಪುಷ್ಪಗಳು ತಪ್ಪದೆ ಸಂದವು. ಕಟ್ಟಿನ ದಾರವನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಆದರೆ ಹುಳುವಿಗೆ ಭಕ್ತಿಯ ಪರಿವೆಯೆಲ್ಲಿ?

ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಆ ದಾರವನ್ನು ಬಿಚ್ಚಿದರು. ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗ್ರಂಥವು ಸಂಗ್ರಹಕ್ಕಾದರೆ ಪತ್ರಿಕೆಯು ವಿಚಾರಕ್ಕೆ. ಎರಡೂ ಬೇಕೆಂಬುದನ್ನು ಅವರು ಅರಿತಿದ್ದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅವೂ ಗಾಜಿನ ಕಪಾಟಿನಲ್ಲಿ ಬೀಗದೊಳಗಿದ್ದರೆ ಜಗಲಿಯ ಓಲೆಗೂ ಅವಕ್ಕೂ ಭೇದವೇನು?

ಬರಹಕ್ಕಿಳಿಯದ ಅರಿವೂ ಮಠಗಳಲ್ಲಿ ಉಂಟು. ಜಾತ್ರೆಯ ದಾಸೋಹಕ್ಕೆ ಅಕ್ಕಿಯೆಷ್ಟು, ಬೇಳೆಯೆಷ್ಟು, ಮಳೆ ಬಂದರೆ ಒಲೆಗಳನ್ನು ಎಲ್ಲಿ ಹೂಡಬೇಕು ಎಂಬುದೆಲ್ಲ ವೃದ್ಧ ಬಾಣಸಿಗನ ಮನಸ್ಸಿನಲ್ಲಿರುವುದು. ಅದನ್ನು ಬರೆದಿಟ್ಟರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ, ತರುಣರಿಬ್ಬರು ಈ ವರ್ಷದ ಜಾತ್ರೆಯಲ್ಲಿ ಅವನ ಮಗ್ಗುಲಲ್ಲೇ ನಿಂತು, ಉಳಿದ ಅನ್ನವನ್ನಳೆದು, ಬರುವ ವರ್ಷದ ಲೆಕ್ಕವನ್ನು ಅವನೊಡನೆ ಕುಳಿತು ತಿದ್ದಬೇಕು.