ಹಾಸಿಗೆ ಹಿಡಿದ ಹಿರಿಯರ ಶುಚಿತ್ವ
(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ. ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ನೋಡಿಕೊಳ್ಳಲು ಒಬ್ಬಳೇ ಹೆಂಗಸು. ಒಂದಕ್ಕೆ, ಎರಡಕ್ಕೆ ಎಲ್ಲ ಹಾಸಿಗೆಯಲ್ಲೇ. ಮೈಗೆ ವಾಸನೆ ಬರುತ್ತದೇನೋ ಅಂತ ಸಂಕೋಚಪಟ್ಟು ಆಕೆ ಸಂಘದ ಸಭೆಗೂ ಬರೋದು ಬಿಡ್ತಾಳೆ. ಆದ್ದರಿಂದ ಈ ವಿಷಯವನ್ನು ನಾವು ಬಾಯಿಬಿಟ್ಟು ಮಾತಾಡಬೇಕು.

ಹಿರಿಯರು ಬೇಕಂತ ಹೀಗೆ ಮಾಡುವುದಿಲ್ಲ. ಪಾರ್ಶ್ವವಾಯು, ಮರೆವಿನ ಕಾಯಿಲೆ, ಸಕ್ಕರೆ ಕಾಯಿಲೆ, ಮಲಬದ್ಧತೆ, ಮೂತ್ರದ ಸೋಂಕು ಹೀಗೆ ಹಲವು ಕಾರಣಗಳಿವೆ. ಕೆಲವಕ್ಕೆ ಔಷಧಿ ಇದೆ. ಬೈಯಬೇಡಿ, ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಮಾಡಬೇಕಾದದ್ದು:

1. ಎದ್ದು ಕೂರಬಲ್ಲವರಿಗೆ ಹಗಲಲ್ಲಿ ಎರಡು ಗಂಟೆಗೊಮ್ಮೆ ಬೆಡ್ ಪ್ಯಾನ್ ಕೊಡಿ, ಇಲ್ಲವೇ ಶೌಚಾಲಯಕ್ಕೆ ಕರೆದೊಯ್ಯಿರಿ.

2. ಒದ್ದೆಯಾದ ಕೂಡಲೇ ಬಟ್ಟೆ ಬದಲಿಸಿ. ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು, ಇಲ್ಲದಿದ್ದರೆ ಸೋಂಕು ತಗಲುತ್ತದೆ. ಉಜ್ಜದೆ, ಒತ್ತಿ ತೇವ ತೆಗೆಯಿರಿ. ಆಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಪೌಡರ್ ಬೇಡ, ಅದು ಒದ್ದೆಗೆ ಗಂಟು ಕಟ್ಟುತ್ತದೆ.

3. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ ನೋಡ್ತಾ ಇರಿ. ಕೆಂಪಾಗಿ ಹಾಗೇ ಉಳಿದರೆ ಅದು ಹಾಸಿಗೆ ಹುಣ್ಣಿನ ಆರಂಭ. ತಿಕ್ಕಬೇಡಿ, ನರ್ಸ್‌ಗೆ ತೋರಿಸಿ.

4. ಒದ್ದೆಯಾಗುತ್ತದೆಂದು ಕುಡಿಯುವ ನೀರು ಕಡಿಮೆ ಮಾಡಬೇಡಿ. ಮೂತ್ರ ಗಟ್ಟಿಯಾಗಿ ವಾಸನೆ, ಉರಿ ಹೆಚ್ಚುತ್ತದೆ. ಹೃದಯ, ಕಿಡ್ನಿ ಕಾಯಿಲೆಯವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟು.

5. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ, ಅಲ್ವಾ? ಹಳೇ ಹತ್ತಿ ಸೀರೆಗಳನ್ನು ಹರಿದು ಮೊದಲೇ ಜೋಡಿಸಿಡಿ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ. ಅರೆ ಒಣಗಿದ್ದನ್ನು ಹಾಕಬೇಡಿ.

6. ಬಳಸಿದ ಡೈಪರನ್ನು ಹಳ್ಳಕ್ಕೆ ಎಸೆಯಬೇಡಿ. ಆ ನೀರು ತುಂಗೆಗೆ, ಭದ್ರೆಗೆ ಸೇರುತ್ತದೆ. ಪೇಪರಿನಲ್ಲಿ ಸುತ್ತಿ ಪಂಚಾಯಿತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯಿರಿ.

ಬಟ್ಟೆ ಬದಲಿಸುವಾಗ ಬಾಗಿಲು ಹಾಕಿಕೊಳ್ಳಿ. "ಈಗ ತಿರುಗಿಸ್ತೀನಿ ಅತ್ತೆ" ಅಂತ ಹೇಳಿ ಮುಟ್ಟಿ. ಮಾತು ನಿಂತವರಿಗೂ ನಾಚಿಕೆ ಇರುತ್ತದೆ.

ಕೊನೆಯದಾಗಿ, ಇದು ಸೊಸೆಯೊಬ್ಬಳ ಕೆಲಸವಲ್ಲ, ಗಂಡಸರೂ ಕಲಿಯಲಿ. ಸಲಹೆ ಬೇಕಾದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಕೇಳಿ: ನಮ್ಮಲ್ಲಿ ಯಾರ ಮನೆಯಲ್ಲಿ ಹಿರಿಯರು ಮಲಗಿದ್ದಾರೆ? ವಾರಕ್ಕೆ ಎರಡು ಗಂಟೆ ಇನ್ನೊಬ್ಬ ಸದಸ್ಯೆ ಅಲ್ಲಿ ಕೂತರೆ, ಆಕೆ ನಮ್ಮ ನಡುವೆ ಬಂದು ಕೂರಬಹುದು.